ಮಕ್ಕಳ ಊರಲ್ಲೋ, ನಮ್ಮ ಊರಲ್ಲೋ? ನಿವೃತ್ತಿಯ ನಂತರ ಎಲ್ಲಿರಬೇಕು ಎಂದು ತೂಗಿ ನೋಡುವ ಬಗೆ

ಮಗ ಡಲ್ಲಾಸ್‌ನಲ್ಲಿ, ಮಗಳು ಟೊರಾಂಟೊದಲ್ಲಿ, ಅಪ್ಪ ಅಮ್ಮ ಮೈಸೂರಿನ ಕುವೆಂಪುನಗರದಲ್ಲಿ. ಇಂಥ ಮನೆ ಈಗ ಬೀದಿಗೆ ಒಂದೆರಡಾದರೂ ಸಿಗುತ್ತದೆ. ಅಪ್ಪನಿಗೆ ರಿಟೈರ್ಮೆಂಟ್ ಆಗುವವರೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೆ ಪ್ರತಿ ಭಾನುವಾರದ ವಿಡಿಯೋ ಕಾಲ್‌ನಲ್ಲೂ ಅದೇ ಮಾತು: "ಇಲ್ಲಿಗೇ ಬಂದುಬಿಡಿ, ಅಲ್ಲಿ ಇಬ್ಬರೇ ಏನ್ ಮಾಡ್ತೀರಾ?" ಅಮ್ಮನಿಗೆ ಮೊಮ್ಮಕ್ಕಳ ಆಸೆ. ಅಪ್ಪನಿಗೆ ವಾಕಿಂಗ್ ಗೆಳೆಯರನ್ನು ಬಿಡಲು ಮನಸ್ಸಿಲ್ಲ. ಮಕ್ಕಳಿಗೋ, ಹೊತ್ತಲ್ಲದ ಹೊತ್ತಿನಲ್ಲಿ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ.

ಈ ಬಗ್ಗೆ ಕೇಳುವವರು ತುಂಬ. ಹೆಚ್ಚಿನವರ ಮೊದಲ ಪ್ರಶ್ನೆ "ಯಾವ ದೇಶದ ವೀಸಾ ಸುಲಭ?" ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ವೀಸಾ ಸಿಕ್ಕಿತು ಅಂತ ಹೋಗಿ, ಎರಡನೇ ವರ್ಷಕ್ಕೆ ವಾಪಸ್ ಬಂದವರು ಬೇಕಾದಷ್ಟು ಜನ ಇದ್ದಾರೆ. ಬಂದಿದ್ದು ತಪ್ಪಲ್ಲ. ಆದರೆ ಅಷ್ಟರೊಳಗೆ ಇಲ್ಲಿನ ಮನೆ ಮಾರಿ ಆಗಿತ್ತು, ಆರೋಗ್ಯ ವಿಮೆ ನಿಂತುಹೋಗಿತ್ತು. ತೊಂದರೆ ಆಗಿದ್ದು ಅಲ್ಲಿ.

ಹಾಗಾಗಿ ಮೊದಲು ಏನನ್ನು ಅಳೆಯಬೇಕು ಅಂತ ನೋಡೋಣ. ಆಮೇಲೆ ದೇಶಗಳಿಗೆ ಬರೋಣ.

ಐದು ಪ್ರಶ್ನೆಗಳು

ಒಂದು, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ? ಸರ್ಕಾರವಾ, ವಿಮೆಯಾ, ಮಗನ ಕ್ರೆಡಿಟ್ ಕಾರ್ಡಾ? ಅರವತ್ತು ದಾಟಿದ ಮೇಲೆ ಬಿಪಿ, ಶುಗರ್ ಇಲ್ಲದವರು ಕಡಿಮೆ. ಮುಂಚೆಯೇ ಇದ್ದ ಕಾಯಿಲೆಗೆ ವಿಮೆ ಏನು ಹೇಳುತ್ತದೆ ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿದೆ.

ಎರಡು, ಅಲ್ಲಿರುವ ನಿಮ್ಮ ಹಕ್ಕು ಯಾರ ಮೇಲೆ ನಿಂತಿದೆ? ಮಗನ ಕೆಲಸದ ಮೇಲೆ ನಿಂತಿದ್ದರೆ, ಅವನ ಕಂಪನಿಯಲ್ಲಿ ಲೇಆಫ್ ಆದ ದಿನ ನಿಮ್ಮ ಪೆಟ್ಟಿಗೆಯೂ ಕಟ್ಟಬೇಕಾಗುತ್ತದೆ.

ಮೂರು, ಹಗಲು ಹೊತ್ತು ಹೇಗೆ ಕಳೆಯುತ್ತದೆ? ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ನೀವೊಬ್ಬರೇ ಬಾಗಿಲು ತೆಗೆದು ಹೊರಗೆ ಹೋಗಬಹುದಾ? ನಡೆದು ಹೋಗುವಷ್ಟು ದೂರದಲ್ಲಿ ತರಕಾರಿ ಅಂಗಡಿ, ಲೈಬ್ರರಿ, ದೇವಸ್ಥಾನ ಯಾವುದಾದರೂ ಇದೆಯಾ?

ನಾಲ್ಕು, ದುಡ್ಡು. ಪೆನ್ಷನ್ ಬರುವುದು ರೂಪಾಯಿಯಲ್ಲಿ, ಖರ್ಚು ಡಾಲರ್‌ನಲ್ಲಿ. ಇಲ್ಲಿ ರಾಜನ ಹಾಗೆ ಬದುಕಿದವರು ಅಲ್ಲಿ ಕಾಫಿ ಕುಡಿಯುವುದಕ್ಕೂ ಮಗನ ಮುಖ ನೋಡಬೇಕಾಗಬಹುದು.

ಐದು, ವಾಪಸ್ ಬರುವ ದಾರಿ ತೆರೆದಿದೆಯಾ? ಹೊಂದಲಿಲ್ಲ ಅಂದರೆ, ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ, ಮಕ್ಕಳು ಬೇರೆ ದೇಶಕ್ಕೆ ಹೊರಟರೆ? ನಾನು ಅತಿ ಹೆಚ್ಚು ತೂಕ ಕೊಡುವುದು ಈ ಐದನೆಯದಕ್ಕೆ. ಉಳಿದ ನಾಲ್ಕರಲ್ಲಿ ಎಡವಿದರೂ ಇದೊಂದು ಸರಿ ಇದ್ದರೆ ಸುಧಾರಿಸಿಕೊಳ್ಳಬಹುದು.

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ

ಅಮೆರಿಕದಲ್ಲಿ ಮಕ್ಕಳಿರುವ ಹೆಚ್ಚಿನ ಕನ್ನಡದ ಮನೆಗಳು ಮಾಡುವುದು ಇದನ್ನೇ. ಹತ್ತು ವರ್ಷದ ಬಿ1/ಬಿ2 ವಿಸಿಟರ್ ವೀಸಾ ಇರುತ್ತದೆ. ಪ್ರತಿ ಸಲ ಹೋದಾಗ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಎಷ್ಟು ದಿನ ಅನ್ನುವುದನ್ನು ಹೇಳುವುದು ವೀಸಾ ಅಲ್ಲ, ಏರ್‌ಪೋರ್ಟಿನಲ್ಲಿ ಅಧಿಕಾರಿ ಕೊಡುವ ಐ-94 ದಾಖಲೆ. ಅಲ್ಲಿಗೆ ಮುಟ್ಟಿದ ಮೊದಲ ವಾರವೇ ಮಗನಿಗೆ ಹೇಳಿ ಆನ್‌ಲೈನ್‌ನಲ್ಲಿ ಅದನ್ನು ತೆಗೆಸಿ ನೋಡಿ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲೂ ಒಂದು ಸಲಕ್ಕೆ ಆರು ತಿಂಗಳೇ.

ಈ ದಾರಿಯ ದೊಡ್ಡ ಲಾಭ, ಇಲ್ಲಿ ಏನನ್ನೂ ಕಳೆದುಕೊಳ್ಳಬೇಕಿಲ್ಲ. ಮನೆ, ಬ್ಯಾಂಕ್, ಡಾಕ್ಟರ್, ನೆಂಟರು ಎಲ್ಲ ಹಾಗೇ ಇರುತ್ತಾರೆ. ಅಲ್ಲಿ ಚಳಿ ಶುರುವಾಗುವ ಹೊತ್ತಿಗೆ, ದಸರಾ ಸಮಯಕ್ಕೆ ಊರಿಗೆ ಬರಬಹುದು.

ತೊಂದರೆ ಇರುವುದು ಆಸ್ಪತ್ರೆ ವಿಷಯದಲ್ಲಿ. ವಿಸಿಟರ್ ವಿಮೆ ಎರಡು ಥರ ಸಿಗುತ್ತದೆ. ಒಂದರಲ್ಲಿ ಪ್ರತಿ ಚಿಕಿತ್ಸೆಗೂ ಇಂತಿಷ್ಟು ಅಂತ ಮೊದಲೇ ನಿಗದಿ ಮಾಡಿರುತ್ತಾರೆ. ಪ್ರೀಮಿಯಂ ಕಡಿಮೆ ಅಂತ ಜನ ಅದನ್ನು ಕೊಳ್ಳುತ್ತಾರೆ. ಆದರೆ ಅಮೆರಿಕದ ಬಿಲ್ಲಿನ ಎದುರು ಆ ನಿಗದಿ ಮೊತ್ತ ಎಲ್ಲಿಗೂ ಸಾಲುವುದಿಲ್ಲ. ಇನ್ನೊಂದು ಕಾಂಪ್ರಹೆನ್ಸಿವ್. ಒಂದು ಮಿತಿಯವರೆಗಿನ ಖರ್ಚು ನಾವು ಕೊಟ್ಟ ಮೇಲೆ ಉಳಿದ ಬಿಲ್ಲಿನ ಬಹುಪಾಲನ್ನು ಅದು ಭರಿಸುತ್ತದೆ. ಜಾಸ್ತಿ ಕೊಟ್ಟರೂ ಎರಡನೆಯದನ್ನೇ ತೆಗೆದುಕೊಳ್ಳಿ. ಎರಡರಲ್ಲೂ ಹಳೆಯ ಕಾಯಿಲೆಯ ನಿಯಮ ಓದಲೇಬೇಕು. ಹೆಚ್ಚಿನ ಪಾಲಿಸಿಗಳು ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಕೊಡುತ್ತವೆ. ಅದಕ್ಕೂ ಸಮಯದ ಮಿತಿ, ವಯಸ್ಸಿನ ಮಿತಿ ಇರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಈ ವಿಮೆ ಕೆಲಸಕ್ಕೆ ಬರುವುದಿಲ್ಲ. ಅವರು ಇಲ್ಲೇ ಇರುವುದು ಕ್ಷೇಮ, ಮಕ್ಕಳೇ ಬಂದು ಹೋಗಲಿ.

ಮಾತ್ರೆಗಳನ್ನು ಇದ್ದಷ್ಟೂ ದಿನಕ್ಕೆ ಆಗುವಷ್ಟು ಒಯ್ಯಿರಿ. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಮಾತ್ರೆಯ ಕಂಪನಿ ಹೆಸರಿನ ಜೊತೆ ಒಳಗಿನ ಔಷಧದ ಹೆಸರನ್ನೂ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಡಾಕ್ಟರಿಗೆ ಗೊತ್ತಿರುವುದಿಲ್ಲ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತೆ ಅಂತ ಸಂಕೋಚ ಬೇಡ. ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸುವಾಗ ಗೇಟ್‌ವರೆಗೆ ಯಾರೋ ಕರೆದುಕೊಂಡು ಹೋಗಿ ಬಿಟ್ಟರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು ಮಿತಿ ವಯಸ್ಸು. ಅರವತ್ತೈದಕ್ಕೆ ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣ ಮಾಡುವವರಿಗೆ ಎಂಬತ್ತಕ್ಕೆ ಅದು ಆಗುವುದಿಲ್ಲ. ಹಾಗಾಗಿ ಇದು ಹತ್ತು ಹದಿನೈದು ವರ್ಷಕ್ಕೆ ಸರಿಯಾದ ವ್ಯವಸ್ಥೆ. ಅದರ ನಂತರಕ್ಕೆ ಬೇರೆ ಯೋಚನೆ ಬೇಕು.

ವರ್ಷಗಟ್ಟಲೆ ಇರುವ ವೀಸಾ: ಕೆನಡಾ, ಆಸ್ಟ್ರೇಲಿಯಾ

ಹೋಗಿ ಬಂದು ಮಾಡುವುದು ಸಾಕಾಯಿತು, ಆದರೆ ಪೂರ್ತಿ ನೆಲೆಸುವುದೂ ಬೇಡ ಅನ್ನುವವರಿಗೆ ಕೆನಡಾದ ಸೂಪರ್ ವೀಸಾ ಚೆನ್ನಾಗಿದೆ. ಮಗ ಅಥವಾ ಮಗಳು ಅಲ್ಲಿನ ಪ್ರಜೆಯೋ ಖಾಯಂ ನಿವಾಸಿಯೋ ಆಗಿರಬೇಕು. 2022ರ ಜುಲೈನಿಂದ ಒಂದು ಸಲಕ್ಕೆ ಐದು ವರ್ಷ ಇರಬಹುದು. ವೀಸಾ ಹತ್ತು ವರ್ಷದವರೆಗೆ ಸಿಗುತ್ತದೆ, ಮಧ್ಯೆ ಬಂದು ಹೋಗಬಹುದು. ಮಕ್ಕಳ ಆದಾಯ ಒಂದು ಮಟ್ಟಕ್ಕಿಂತ ಮೇಲಿರಬೇಕು. ವೈದ್ಯಕೀಯ ತಪಾಸಣೆ ಇರುತ್ತದೆ. ಕಡೇಪಕ್ಷ 1 ಲಕ್ಷ ಕೆನಡಿಯನ್ ಡಾಲರ್ ಮೊತ್ತದ ಖಾಸಗಿ ವಿಮೆ ಒಂದು ವರ್ಷಕ್ಕೆ ಇರಲೇಬೇಕು. ವಿಮೆ ಕಡ್ಡಾಯ ಅನ್ನುವುದು ಕೆಲವರಿಗೆ ಕಿರಿಕಿರಿ. ನನಗೆ ಅದೇ ಇದರ ಒಳ್ಳೆಯ ಗುಣ ಅನಿಸುತ್ತದೆ. ಆದರೆ ಪ್ರಾಂತದ ಸರ್ಕಾರಿ ಆರೋಗ್ಯ ಸೇವೆ ನಿಮಗೆ ಸಿಗುವುದಿಲ್ಲ, ನೀವು ಅಲ್ಲಿ ಅತಿಥಿ ಅಷ್ಟೆ.

ಕೆನಡಾದಲ್ಲಿ ಖಾಯಂ ನೆಲೆಸುವ ದಾರಿಯೂ ಇದೆ. ಅದು ಅದೃಷ್ಟದ ಆಟ. ಆಸಕ್ತಿ ಇದೆ ಅಂತ 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ಮುಂದಿನ ವರ್ಷಗಳಲ್ಲೂ ಚೀಟಿ ಎತ್ತಿದ್ದಾರೆ. ಅದನ್ನು ನಂಬಿ ಇಲ್ಲಿನ ಬದುಕು ಮಡಚಿಡಬೇಡಿ.

ಆಸ್ಟ್ರೇಲಿಯಾದಲ್ಲಿ 870 ಅನ್ನುವ ತಾತ್ಕಾಲಿಕ ಪೋಷಕರ ವೀಸಾ ಇದೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಸಿಗುತ್ತದೆ, ಒಟ್ಟಾರೆ ಹತ್ತು ವರ್ಷ ಮೀರುವಂತಿಲ್ಲ. 2019ರಲ್ಲಿ ಶುರುವಾದಾಗ ಶುಲ್ಕವೇ ಮೂರು ವರ್ಷಕ್ಕೆ 5 ಸಾವಿರ, ಐದು ವರ್ಷಕ್ಕೆ 10 ಸಾವಿರ ಆಸ್ಟ್ರೇಲಿಯನ್ ಡಾಲರ್ ಇತ್ತು, ಆಮೇಲೆ ಏರಿದೆ. ಅದೂ ತಲೆಗೆ. ಇಬ್ಬರಿಗೆ ಲೆಕ್ಕ ಹಾಕಿ. ಕೆಲಸ ಮಾಡುವಂತಿಲ್ಲ, ವಿಮೆ ಇರಬೇಕು. ಖಾಯಂ ಬೇಕು ಅಂದರೆ 143 ವೀಸಾ. ಅದಕ್ಕೆ ಒಬ್ಬರಿಗೆ ಸುಮಾರು 48 ಸಾವಿರ ಡಾಲರ್. ದಂಪತಿಗೆ ನಮ್ಮ ದುಡ್ಡಲ್ಲಿ ಐವತ್ತು ಲಕ್ಷ ದಾಟುತ್ತದೆ. ಮೇಲೆ ದಶಕಕ್ಕೂ ಹೆಚ್ಚಿನ ಸರದಿ. ನಿಮ್ಮ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಜನ ಆಸ್ಟ್ರೇಲಿಯಾದಲ್ಲಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತಲೂ ಅಲ್ಲೇ ಹೆಚ್ಚು ಮಕ್ಕಳಿರಬೇಕು ಅನ್ನುವ ನಿಯಮ ಬೇರೆ. ಮೂವರು ಮಕ್ಕಳಲ್ಲಿ ಒಬ್ಬಳು ಮೆಲ್ಬರ್ನ್‌ನಲ್ಲಿ, ಇಬ್ಬರು ಬೆಂಗಳೂರಿನಲ್ಲಿ ಇದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಈ ಗುಂಪಿಗೆ ನನ್ನ ಅಂಕ: ವಾಪಸ್ ಬರುವ ದಾರಿಗೆ ಪೂರ್ತಿ, ಹಗಲು ಹೊತ್ತಿಗೆ ಪರವಾಗಿಲ್ಲ, ಆಸ್ಪತ್ರೆಗೆ ಅರ್ಧ. ಮೊಮ್ಮಕ್ಕಳು ಚಿಕ್ಕವರಿರುವ ಐದು ವರ್ಷಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಅಮೆರಿಕದ ಗ್ರೀನ್ ಕಾರ್ಡ್: ಇಲ್ಲಿ ನಿಧಾನಿಸಿ

ಗ್ರೀನ್ ಕಾರ್ಡ್ ಅಂದರೆ ಅಮೆರಿಕದಲ್ಲಿ ಖಾಯಂ ನೆಲೆಸುವ ಅನುಮತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಅತಿ ಹೆಚ್ಚು ಜನ ಯೋಚಿಸದೆ ಸಹಿ ಹಾಕುವುದು ಇದಕ್ಕೇ.

ಮಗ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದರೆ ಅಥವಾ ಗ್ರೀನ್ ಕಾರ್ಡ್ ಹಿಡಿದಿದ್ದರೆ ಅಪ್ಪ ಅಮ್ಮನಿಗೆ ಅರ್ಜಿ ಹಾಕಲು ಬರುವುದಿಲ್ಲ. ಅವನು ಅಮೆರಿಕದ ಪ್ರಜೆ ಆಗಿರಬೇಕು, ಇಪ್ಪತ್ತೊಂದು ದಾಟಿರಬೇಕು. ಪ್ರಜೆಯ ಹೆತ್ತವರಿಗೆ ವಾರ್ಷಿಕ ಮಿತಿ ಇಲ್ಲ. ಭಾರತೀಯ ಇಂಜಿನಿಯರುಗಳು ದಶಕಗಟ್ಟಲೆ ಕಾಯುವ ಸರದಿ ಇವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಮಗನಿಗೆ ಪೌರತ್ವ ಬಂದ ಕೂಡಲೇ "ಅಮ್ಮ, ಫೈಲ್ ಮಾಡ್ಬಿಡ್ತೀನಿ" ಅನ್ನುತ್ತಾನೆ. ಸುಲಭವಾಗಿ ಸಿಗುತ್ತದೆ ಅನ್ನುವುದೇ ಇಲ್ಲಿನ ಆಕರ್ಷಣೆ.

ಕಾರ್ಡ್ ಸಿಕ್ಕ ಮೇಲೆ ನಿಮ್ಮ ಖಾಯಂ ಮನೆ ಅಮೆರಿಕ ಅಂತ ಅಲ್ಲಿನ ಅಧಿಕಾರಿಗಳು ಭಾವಿಸುತ್ತಾರೆ. ಆರು ತಿಂಗಳು ಮೀರಿ ಹೊರಗಿದ್ದರೆ ವಾಪಸ್ ಹೋದಾಗ ಪ್ರಶ್ನೆ ಕೇಳುತ್ತಾರೆ. ಅನುಮತಿ ಇಲ್ಲದೆ ಒಂದು ವರ್ಷ ದಾಟಿದರೆ ಆ ಕಾರ್ಡ್ ತೋರಿಸಿ ಒಳಗೆ ಹೋಗುವುದು ಕಷ್ಟ. ರೀ-ಎಂಟ್ರಿ ಪರ್ಮಿಟ್ ಅಂತ ಎರಡು ವರ್ಷದವರೆಗೆ ಸಿಗುತ್ತದೆ, ಆದರೆ ಅರ್ಜಿ ಹಾಕುವಾಗ ನೀವು ಅಮೆರಿಕದಲ್ಲಿ ಇರಬೇಕು. ಅಂದರೆ ಕಾರ್ಡ್ ಇಟ್ಟುಕೊಂಡು ವರ್ಷದಲ್ಲಿ ಹತ್ತು ತಿಂಗಳು ಮೈಸೂರಲ್ಲಿ ಇರುತ್ತೇನೆ ಅಂದರೆ ನಡೆಯುವುದಿಲ್ಲ. ಅಂಥವರಿಗೆ ವಿಸಿಟರ್ ವೀಸಾನೇ ನೆಮ್ಮದಿ.

ಆಸ್ಪತ್ರೆ ವಿಷಯಕ್ಕೆ ಬಂದರೆ, ಅರವತ್ತೈದು ದಾಟಿದ ಮಾತ್ರಕ್ಕೆ ಮೆಡಿಕೇರ್, ಅಂದರೆ ಹಿರಿಯರಿಗಾಗಿ ಇರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಸಿಗುವುದಿಲ್ಲ. ಗ್ರೀನ್ ಕಾರ್ಡ್ ಬಂದು ಸತತ ಐದು ವರ್ಷ ಅಲ್ಲಿದ್ದಿರಬೇಕು. ಅಲ್ಲಿ ಕೆಲಸ ಮಾಡಿ ತೆರಿಗೆ ಕಟ್ಟಿಲ್ಲವಾದ್ದರಿಂದ ಪ್ರೀಮಿಯಂ ಕೊಟ್ಟು ಕೊಳ್ಳಬೇಕು. 2025ರಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಭಾಗಕ್ಕೆ 185 ಡಾಲರ್ ಇತ್ತು, ಒಬ್ಬರಿಗೆ. ಇಬ್ಬರಿಗೆ ತಿಂಗಳಿಗೆ ಹೆಚ್ಚು ಕಡಿಮೆ 1,400 ಡಾಲರ್. ಮೊದಲ ಐದು ವರ್ಷ ಖಾಸಗಿ ವಿಮೆ ಕೊಳ್ಳಬೇಕು. ಆ ವಿಮೆಯಲ್ಲಿ ಒಂದು ಸಮಾಧಾನ ಇದೆ. ಅಲ್ಲಿನ ಆರೋಗ್ಯ ವಿಮೆ ಮಾರುಕಟ್ಟೆಯಲ್ಲಿ ಹಳೆಯ ಕಾಯಿಲೆ ಇದೆ ಅಂತ ನಿರಾಕರಿಸುವ ಹಾಗಿಲ್ಲ. ವಿಸಿಟರ್ ವಿಮೆಗಿಂತ ಇದು ಎಷ್ಟೋ ಮೇಲು.

ತೆರಿಗೆಯದು ಇನ್ನೊಂದು ಕಥೆ. ಗ್ರೀನ್ ಕಾರ್ಡ್ ಇದ್ದವರು ಜಗತ್ತಿನಲ್ಲಿ ಎಲ್ಲಿ ಬಂದ ಆದಾಯವನ್ನೂ ಅಮೆರಿಕಕ್ಕೆ ತೋರಿಸಬೇಕು. ನಿಮ್ಮ ಪೆನ್ಷನ್, ಎಫ್‌ಡಿ ಬಡ್ಡಿ, ಹೆಬ್ಬಾಳದ ಮನೆಯ ಬಾಡಿಗೆ ಎಲ್ಲವನ್ನೂ. ಇಲ್ಲಿ ತೆರಿಗೆ ಇಲ್ಲದ ಪಿಪಿಎಫ್ ಬಡ್ಡಿಗೂ ಅಲ್ಲಿ ವಿನಾಯಿತಿ ಇಲ್ಲ. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವಾಗಲಾದರೂ 10 ಸಾವಿರ ಡಾಲರ್ ದಾಟಿದರೆ ಅದಕ್ಕೆ ಪ್ರತ್ಯೇಕ ವರದಿ. ಮ್ಯೂಚುವಲ್ ಫಂಡ್ ಇದ್ದರೆ ತಲೆನೋವು ಇನ್ನೂ ಜಾಸ್ತಿ. ಕಾರ್ಡ್‌ಗೆ ಅರ್ಜಿ ಹಾಕುವ ಮೊದಲೇ ಎರಡೂ ಕಡೆಯ ತೆರಿಗೆ ಗೊತ್ತಿರುವ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಈಗ ಹಗಲು ಹೊತ್ತು. ಡಲ್ಲಾಸ್ ಹೊರವಲಯದ ಹೊಸ ಬಡಾವಣೆ, ಬೆಳಿಗ್ಗೆ ಹತ್ತೂವರೆ. ಎಲ್ಲ ಗ್ಯಾರೇಜ್ ಬಾಗಿಲು ಮುಚ್ಚಿವೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹತ್ತಿರದ ಅಂಗಡಿ ಮೂರು ಮೈಲಿ, ಬಸ್ ಇಲ್ಲ. ಅಮ್ಮ ಸಾರಿಗೆ ಹುಣಸೆಹಣ್ಣು ಬೇಕು ಅಂದರೆ ಶನಿವಾರದವರೆಗೆ ಕಾಯಬೇಕು. ಅದೇ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಓಕ್ ಟ್ರೀ ರಸ್ತೆಗೆ ಹತ್ತಿರದ ಮನೆಯಾದರೆ ಚಿತ್ರವೇ ಬೇರೆ. ನಡೆದು ಹೋಗಿ ಕರಿಬೇವು ತರಬಹುದು, ದಾರಿಯಲ್ಲಿ ಯಾರೋ ಒಬ್ಬ ಗುಜರಾತಿ ಅಜ್ಜ ನಮಸ್ಕಾರ ಹೇಳುತ್ತಾನೆ. ದೇಶ ಒಂದೇ, ವೀಸಾ ಒಂದೇ, ಬದುಕು ಬೇರೆ. ಹಾಗಾಗಿ ದೇಶ ಯಾವುದು ಅನ್ನುವುದಕ್ಕಿಂತ ಮಗನ ಮನೆ ಯಾವ ರಸ್ತೆಯಲ್ಲಿದೆ ಅನ್ನುವುದನ್ನು ಜಾಸ್ತಿ ನೋಡಿ. ಅಕ್ಕ, ನಾವಿಕ ಅನ್ನುವ ಹೆಸರಿನ, ಅಮೆರಿಕದ ಕನ್ನಡಿಗರ ಸಂಘಟನೆಗಳ ಸಮ್ಮೇಳನಗಳು ಎರಡು ವರ್ಷಕ್ಕೊಮ್ಮೆ ನಡೆಯುತ್ತವೆ, ಊರೂರಿನ ಕನ್ನಡ ಕೂಟಗಳಲ್ಲಿ ಯುಗಾದಿ, ರಾಜ್ಯೋತ್ಸವ ಆಗುತ್ತದೆ. ಅದೆಲ್ಲ ಚೆಂದ. ಆದರೆ ಕೂಟಕ್ಕೆ ಕಾರಲ್ಲಿ ಕರೆದುಕೊಂಡು ಹೋಗುವವರು ಯಾರು?

ಆರೋಗ್ಯ ಚೆನ್ನಾಗಿದೆ, ಇರುವ ಮಕ್ಕಳೆಲ್ಲ ಅಮೆರಿಕದಲ್ಲೇ ಇದ್ದಾರೆ, ಮಗನಿಗೆ ವಿಮೆಯ ಖರ್ಚು ಭಾರವಲ್ಲ, ಇಬ್ಬರಿಗೂ ಅಲ್ಲಿ ಹಿಡಿಸಿದೆ ಅಂತ ಎರಡು ಮೂರು ದೀರ್ಘ ಭೇಟಿಯಲ್ಲಿ ಖಚಿತವಾಗಿದೆ. ಇಷ್ಟೂ ಸೇರಿದರೆ ಗ್ರೀನ್ ಕಾರ್ಡ್ ತೆಗೆದುಕೊಳ್ಳಿ. ಒಂದು ಕಡಿಮೆಯಾದರೂ ಕಾಯಿರಿ. ಬೇಡವಾದರೆ ಕಾರ್ಡನ್ನು ಅಧಿಕೃತವಾಗಿ ಹಿಂದಿರುಗಿಸಿ ಮತ್ತೆ ವಿಸಿಟರ್ ವೀಸಾ ಕೇಳುವ ಅವಕಾಶ ಇದ್ದೇ ಇದೆ.

ಬ್ರಿಟನ್, ಜರ್ಮನಿ

ಚಿಕ್ಕದಾಗಿ ಹೇಳಿಬಿಡುತ್ತೇನೆ. 2012ರಿಂದ ಬ್ರಿಟನ್ನಿನಲ್ಲಿ ಹೆತ್ತವರನ್ನು ಖಾಯಂ ಕರೆಸಿಕೊಳ್ಳುವುದು ಬಹುಮಟ್ಟಿಗೆ ಮುಚ್ಚಿದ ಬಾಗಿಲು. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ದುಡ್ಡು ಕೊಟ್ಟರೂ ಆ ಆರೈಕೆ ಊರಲ್ಲಿ ಸಿಗುವುದಿಲ್ಲ ಅಂತ ಸಾಬೀತು ಮಾಡಬೇಕು. ಹೋಮ್ ನರ್ಸ್ ಸಿಗುವ ಊರಿನವರು ಇದನ್ನು ಹೇಗೆ ಸಾಬೀತು ಮಾಡುತ್ತಾರೆ? ಜರ್ಮನಿಯಲ್ಲಿ 2024ರ ಮಾರ್ಚ್ 1ರಿಂದ, ಆಮೇಲೆ ಮೊದಲ ಸಲ ಪರವಾನಗಿ ಪಡೆದ ನುರಿತ ಕೆಲಸಗಾರರು ಹೆತ್ತವರನ್ನು ಕರೆಸಿಕೊಳ್ಳಲು ದಾರಿ ಮಾಡಿದ್ದಾರೆ. ಆದರೆ ಆ ವಯಸ್ಸಿನವರಿಗೆ ಅಲ್ಲಿ ಒಪ್ಪುವಂಥ ಆರೋಗ್ಯ ವಿಮೆ ಹೊಂದಿಸುವುದೇ ದೊಡ್ಡ ಸಾಹಸ. ಎರಡು ದೇಶಕ್ಕೂ ಭೇಟಿಯ ಲೆಕ್ಕದಲ್ಲೇ ಹೋಗಿ ಬನ್ನಿ.

ಹತ್ತಿರದ ಊರುಗಳು: ದುಬೈ, ಸಿಂಗಪುರ

ಕರಾವಳಿಯವರಿಗೆ ದುಬೈ ವಿದೇಶ ಅನ್ನಿಸುವುದೇ ಇಲ್ಲ. ಮಂಗಳೂರಿನಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗೆ ಇಳಿಯಬಹುದು. ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಅದೇ ದಿನ ಬಂದು ಮುಟ್ಟಬಹುದು. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೆ, ಮಾತಾಡಲು ಯಾರೂ ನಿದ್ದೆಗೆಡಬೇಕಿಲ್ಲ. ಕುಟುಂಬದ ಜೊತೆ ನಂಟು ಉಳಿಸಿಕೊಳ್ಳುವ ವಿಷಯದಲ್ಲಿ ಇದನ್ನು ಮೀರಿಸುವ ಜಾಗ ಇಲ್ಲ.

ಇಲ್ಲಿ ಎರಡು ದಾರಿ. ಮಗ ತನ್ನ ವೀಸಾದ ಮೇಲೆ ಹೆತ್ತವರನ್ನು ಕರೆಸಿಕೊಳ್ಳುವುದು ಒಂದು. ಅದಕ್ಕೆ ಸಂಬಳದ ಮಿತಿ, ಮನೆಯ ಅಳತೆ, ವಿಮೆ ಎಲ್ಲ ನೋಡುತ್ತಾರೆ. ಅದು ಅವನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಎರಡನೆಯದು ನಿಮ್ಮದೇ ನಿವೃತ್ತಿ ವೀಸಾ. ವಯಸ್ಸು ಐವತ್ತೈದಾಗಿರಬೇಕು. 10 ಲಕ್ಷ ದಿರ್ಹಂ ಬೆಲೆಯ ಆಸ್ತಿ, ಅಥವಾ ಅಷ್ಟೇ ಉಳಿತಾಯ, ಅಥವಾ ತಿಂಗಳಿಗೆ 20 ಸಾವಿರ ದಿರ್ಹಂ ಆದಾಯ (ದುಬೈಯಲ್ಲಿ 15 ಸಾವಿರ) ತೋರಿಸಿದರೆ ಐದು ವರ್ಷಕ್ಕೆ ಸಿಗುತ್ತದೆ. ಎರಡು ಕೋಟಿ ರೂಪಾಯಿಗೂ ಮೀರಿದ ಆಸ್ತಿ ಅಂದರೆ ಮೇಷ್ಟ್ರ ಪೆನ್ಷನ್‌ನಲ್ಲಿ ಆಗುವ ಮಾತಲ್ಲ. ಬೆಂಗಳೂರಲ್ಲಿ ಸೈಟ್ ಮಾರಿದವರಿಗೆ ಆಗಬಹುದು. ಆದಾಯ ತೆರಿಗೆ ಇಲ್ಲ, ರಸ್ತೆ ಕ್ಷೇಮ, ಊಟ ತಿಂಡಿಗೆ ನಮ್ಮದೇ ಹೋಟೆಲುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹಗಲು ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಆ ನಾಲ್ಕು ತಿಂಗಳು ಊರಿಗೆ ಬನ್ನಿ. ಸಾಮಾನ್ಯ ರೆಸಿಡೆನ್ಸ್ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿರಬಾರದು ಅನ್ನುವುದು ನೆನಪಿರಲಿ.

ಸಿಂಗಪುರದಲ್ಲಿ ಮಗನ ತಿಂಗಳ ಸಂಬಳ 12 ಸಾವಿರ ಸಿಂಗಪುರ ಡಾಲರ್ ಇದ್ದರೆ ಹೆತ್ತವರಿಗೆ ದೀರ್ಘಕಾಲದ ಪಾಸ್ ಕೇಳಬಹುದು. ಒಬ್ಬರೇ ಬಸ್ಸು, ಮೆಟ್ರೋದಲ್ಲಿ ಓಡಾಡಲು ಅದಕ್ಕಿಂತ ಸುಲಭದ ಊರು ಕಡಿಮೆ. ಆಸ್ಪತ್ರೆ ದುಬಾರಿ, ಪಾಸ್ ಪೂರ್ತಿ ಅವನ ಕೆಲಸದ ಮೇಲೆ.

ಮಕ್ಕಳಿಲ್ಲದ ಮೂರನೇ ದೇಶ

ಥಾಯ್ಲೆಂಡ್, ಮಲೇಷ್ಯಾ ಅಂತ ವಿಡಿಯೋ ನೋಡಿ ಕೇಳುವವರಿದ್ದಾರೆ. ಥಾಯ್ಲೆಂಡ್‌ನಲ್ಲಿ ಐವತ್ತು ದಾಟಿದವರು ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು, ಅಥವಾ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಿ ವರ್ಷದ ಲೆಕ್ಕದಲ್ಲಿ ಇರಬಹುದು. ತೊಂಬತ್ತು ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಮಲೇಷ್ಯಾದಲ್ಲಿ 2024ರ ಹೊಸ ನಿಯಮದಲ್ಲಿ ಸಿಲ್ವರ್ ಹಂತಕ್ಕೇ 1.5 ಲಕ್ಷ ಅಮೆರಿಕನ್ ಡಾಲರ್ ಠೇವಣಿ, ಮೇಲೆ ಮನೆ ಕೊಳ್ಳುವುದು ಕಡ್ಡಾಯ.

ಐವತ್ತೈದರ ಗಟ್ಟಿ ದಂಪತಿ ನಾಲ್ಕು ವರ್ಷ ಸುತ್ತಾಡಿಕೊಂಡು ಇರುತ್ತೇವೆ ಅಂದರೆ ಬೇಡ ಅನ್ನುವುದಿಲ್ಲ. ಆದರೆ ಮಕ್ಕಳೂ ಇಲ್ಲ, ನೆಂಟರೂ ಇಲ್ಲ, ಭಾಷೆಯೂ ಇಲ್ಲದ ಕಡೆ ಎಪ್ಪತ್ತು ದಾಟಿ ಇರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಮೂವತ್ತು ವರ್ಷ ಮೈಸೂರಲ್ಲಿದ್ದವರಿಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸಿಗುವ ಅಗ್ಗದ ಬದುಕು ಮೈಸೂರಲ್ಲೇ ಸಿಗುತ್ತದೆ ಅಲ್ವಾ?

ಊರಲ್ಲೇ ಇರುವುದೂ ಒಂದು ಆಯ್ಕೆ

ಇದನ್ನು "ಏನೂ ಮಾಡದಿರುವುದು" ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಸರಿಯಾಗಿ ಮಾಡಿದರೆ ಇದಕ್ಕೂ ದುಡ್ಡು, ಯೋಜನೆ ಎರಡೂ ಬೇಕು. ಮೆಟ್ಟಿಲಿನ ಮನೆಯಿಂದ ಲಿಫ್ಟ್ ಇರುವ ಮನೆಗೆ ಹೋಗುವುದು, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಬೀಗದ ಇನ್ನೊಂದು ಕೀ ಪಕ್ಕದ ಮನೆಯವರ ಹತ್ತಿರ ಇಡುವುದು, ಹದಿನೈದು ನಿಮಿಷದಲ್ಲಿ ಮುಟ್ಟುವ ಆಸ್ಪತ್ರೆಯಲ್ಲಿ ಫೈಲ್ ಮಾಡಿಸಿಡುವುದು. ಹಿರಿಯರ ಸಹಾಯವಾಣಿ 14567, ಆಂಬುಲೆನ್ಸ್ 108, ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಹಿರಿಯರಿಗಾಗಿಯೇ ಕಟ್ಟಿದ ಅಪಾರ್ಟ್‌ಮೆಂಟುಗಳು ಬೆಂಗಳೂರು, ಮೈಸೂರು ಕಡೆ ಬಂದಿವೆ. ಕೊಳ್ಳುವ ಮೊದಲು ತಿಂಗಳು ಬಾಡಿಗೆಗೆ ಇದ್ದು, ಅಡುಗೆ ರುಚಿ ನೋಡಿ.

ಅಮೆರಿಕದಲ್ಲಿ ಒಂದು ವರ್ಷದ ವಿಮೆಗೆ ಕೊಡುವ ದುಡ್ಡಲ್ಲಿ ಇಲ್ಲಿ ಹಗಲು ರಾತ್ರಿ ನೋಡಿಕೊಳ್ಳುವವರನ್ನು ಇಟ್ಟುಕೊಂಡು, ಮಕ್ಕಳಿಗೂ ವರ್ಷಕ್ಕೊಂದು ಟಿಕೆಟ್ ಕೊಡಿಸಬಹುದು. ಮಕ್ಕಳಿಗೆ ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿ. ತೀರಾ ಹತ್ತಿರದ ದಿಕ್ಕು ಯಾರೂ ಇಲ್ಲದವರಿಗೆ, ಮರೆವಿನ ಕಾಯಿಲೆ ಶುರುವಾದವರಿಗೆ ಮಾತ್ರ ಈ ಲೆಕ್ಕ ಸಾಲುವುದಿಲ್ಲ. ಅಂಥವರ ಜೊತೆ ಮನೆಯವರು ಯಾರಾದರೂ ಇರಲೇಬೇಕು.

ಹೊರಡುವವರು ಇಲ್ಲಿ ಬಿಗಿ ಮಾಡಿ ಹೋಗಬೇಕಾದದ್ದು

ಮೊದಲನೆಯದು ಮೊಬೈಲ್ ಸಿಮ್. ಬ್ಯಾಂಕ್ ಓಟಿಪಿ ಬರುವುದು ಅದಕ್ಕೇ. ರೀಚಾರ್ಜ್ ಮಾಡದೆ ನಂಬರ್ ಹೋಯಿತು ಅಂದರೆ ಪೆನ್ಷನ್ ದುಡ್ಡು ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ಹೊರಡುವ ಮೊದಲು ರೋಮಿಂಗ್ ಹಾಕಿಸಿ, ಓಟಿಪಿ ಬರುತ್ತಾ ಅಂತ ಹೋದ ದಿನವೇ ಪರೀಕ್ಷಿಸಿ. ಪೆನ್ಷನ್‌ದಾರರು ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಕೊಡುವ ಸೌಲಭ್ಯ 2021ರಿಂದ ಇದೆ. ಆಗದಿದ್ದರೆ ಭಾರತೀಯ ಕಾನ್ಸುಲೇಟ್‌ನಲ್ಲೂ ಮಾಡಿಸಬಹುದು.

ಭೇಟಿಗೆ ಹೋಗುವವರ ಬ್ಯಾಂಕ್ ಖಾತೆ ಹಾಗೇ ಇರಬಹುದು. ಖಾಯಂ ಹೋಗುವವರು ಅದನ್ನು ಅನಿವಾಸಿ ಭಾರತೀಯರ ಎನ್‌ಆರ್‌ಓ ಖಾತೆಗೆ ಬದಲಿಸಬೇಕು. ಆಗ ಬಡ್ಡಿಗೆ 30 ಶೇಕಡ ಮತ್ತು ಅದರ ಮೇಲಿನ ಸೆಸ್ ಟಿಡಿಎಸ್ ಮುರಿಯುತ್ತಾರೆ. ತೆರಿಗೆ ಮುರಿಯಬೇಡಿ ಅಂತ ಇಲ್ಲಿನ ಹಿರಿಯ ನಾಗರಿಕರು ಬ್ಯಾಂಕಿಗೆ ಕೊಡುವ ಫಾರಂ ಕೊಟ್ಟು ತಪ್ಪಿಸಿಕೊಳ್ಳಲು ಬರುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆಯನ್ನೂ ತೆರೆಯುವಂತಿಲ್ಲ. ಇರುವ ತೋಟ, ಗದ್ದೆ ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಜಮೀನು ಕೊಳ್ಳಲಾಗುವುದಿಲ್ಲ. ದುಡ್ಡು ಒಯ್ಯುವವರಿಗೆ ಒಂದು ಮಾತು: ಇಲ್ಲಿನ ನಿವಾಸಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕು ಮುಂಗಡ ತೆರಿಗೆ ಹಿಡಿಯುತ್ತದೆ, ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಬರುತ್ತದೆ.

ಇಲ್ಲಿನ ಆರೋಗ್ಯ ವಿಮೆ ನಿಲ್ಲಿಸಬೇಡಿ. ಅಲ್ಲಿದ್ದಾಗ ಸುಮ್ನೆ ಪ್ರೀಮಿಯಂ ದಂಡ ಅನಿಸುತ್ತದೆ. ನಿಲ್ಲಿಸಿ ಮತ್ತೆ ಕೊಂಡರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಮನೆ, ಜಮೀನು ನೋಡಿಕೊಳ್ಳಲು ನಂಬಿಕಸ್ಥರಿಗೆ ಅಧಿಕಾರ ಪತ್ರ ಬರೆದುಕೊಡುವುದಿದ್ದರೆ ಹೊರಡುವ ಮೊದಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಮಾರುವ ಅಧಿಕಾರ ಕೊಡಬೇಡಿ, ನೋಡಿಕೊಳ್ಳುವುದಕ್ಕಷ್ಟೇ ಸಾಕು. ವಿಲ್ ಬರೆದಿಡಿ.

ಮನೆಗಳಲ್ಲಿ ಯಾರೂ ಬಾಯಿಬಿಡದ ಮೂರು ವಿಷಯ ಇವೆ. ಒಂದು, ಅಲ್ಲಿ ನಿಮ್ಮ ಹೆಸರಲ್ಲಿ ಒಂದು ಕಾರ್ಡ್, ಅದರಲ್ಲಿ ನಿಮ್ಮದೇ ಸ್ವಲ್ಪ ದುಡ್ಡು ಇರಲಿ. ಎರಡು, ಮೊಮ್ಮಗುವನ್ನು ದಿನಕ್ಕೆ ಎಷ್ಟು ಹೊತ್ತು ನೋಡಿಕೊಳ್ಳುತ್ತೀರಿ ಅನ್ನುವುದನ್ನು ಹೋಗುವ ಮೊದಲೇ ಮಾತಾಡಿ. ಪ್ರೀತಿಯಿಂದ ಶುರುವಾಗಿದ್ದು ವಾರಕ್ಕೆ ಐದು ದಿನದ ಡ್ಯೂಟಿ ಆಗಿ ಸೊಂಟ ಹಿಡಿದ ಅಮ್ಮಂದಿರು ಎಷ್ಟೋ ಜನ. ಮೂರು, ಅಲ್ಲೇ ಕೊನೆಯಾದರೆ ಏನು ಮಾಡಬೇಕು ಅಂತ ಮಕ್ಕಳಿಗೆ ಹೇಳಿಡಿ. ದೇಹ ತರಿಸಲು ದಿನಗಳು ಹಿಡಿಯುತ್ತವೆ, ಖರ್ಚೂ ಜಾಸ್ತಿ. ಹೆಚ್ಚಿನವರು ಅಲ್ಲೇ ದಹನ ಮಾಡಿ, ಮರಣ ಮತ್ತು ದಹನದ ಪ್ರಮಾಣಪತ್ರ, ಕಾನ್ಸುಲೇಟ್ ಪತ್ರದ ಜೊತೆ ಅಸ್ಥಿ ತಂದು ಪಶ್ಚಿಮವಾಹಿನಿಯಲ್ಲಿ ಬಿಡುತ್ತಾರೆ. ನಿಮಗೆ ಯಾವುದು ಒಪ್ಪಿಗೆ ಅಂತ ನೀವೇ ಹೇಳಿದರೆ ಮಕ್ಕಳಿಗೆ ಎಷ್ಟೋ ಹಗುರ.

ಹಾಗಾದರೆ ಯಾರಿಗೆ ಯಾವುದು?

ಅರವತ್ತರ ಆಸುಪಾಸು, ಆರೋಗ್ಯ ಪರವಾಗಿಲ್ಲ, ಪೆನ್ಷನ್ ಮಧ್ಯಮ, ಮಕ್ಕಳು ಅಮೆರಿಕದಲ್ಲಿ: ವಿಸಿಟರ್ ವೀಸಾ, ವರ್ಷಕ್ಕೆ ನಾಲ್ಕೈದು ತಿಂಗಳು. ಮಕ್ಕಳು ಕೆನಡಾದಲ್ಲಿ, ಮೊಮ್ಮಗು ಈಗ ತಾನೇ ಹುಟ್ಟಿದೆ: ಸೂಪರ್ ವೀಸಾ. ಮಕ್ಕಳು ಎರಡು ಮೂರು ದೇಶದಲ್ಲಿ ಹಂಚಿಹೋಗಿದ್ದಾರೆ: ಯಾವ ದೇಶದ ಖಾಯಂ ಕಾರ್ಡೂ ಬೇಡ, ಊರಿನ ಮನೆಯೇ ಎಲ್ಲರೂ ಸೇರುವ ಜಾಗ ಆಗಲಿ. ಎಪ್ಪತ್ತೈದು ದಾಟಿದೆ, ಕಾಯಿಲೆ ಹಿಡಿತದಲ್ಲಿಲ್ಲ: ಊರಲ್ಲೇ ಇರಿ, ನೋಡಿಕೊಳ್ಳುವವರಿಗೆ ಮಕ್ಕಳು ದುಡ್ಡು ಕಳಿಸಲಿ. ಒಬ್ಬರೇ ಉಳಿದಿದ್ದೀರಿ, ಒಬ್ಬನೇ ಮಗ, ಅವನು ಅಲ್ಲಿನ ಪ್ರಜೆ: ಆಗ ಮಾತ್ರ ಗ್ರೀನ್ ಕಾರ್ಡ್ ಪರವಾಗಿ ತಕ್ಕಡಿ ವಾಲುತ್ತದೆ. ವಾಲಿದರೂ ಮೊದಲ ಎರಡು ವರ್ಷ ಇಲ್ಲಿನ ಮನೆ ಮಾರಬೇಡಿ, ಬಾಡಿಗೆಗೆ ಕೊಡಿ.

ಗಂಡ ಹೆಂಡತಿಯ ಉತ್ತರ ಬೇರೆ ಬೇರೆ ಬಂದರೆ? ಅದೇ ಜಾಸ್ತಿ ಆಗುವುದು. ಐದು ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಕೂತು ಉತ್ತರ ಬರೆಯಿರಿ, ಆಮೇಲೆ ಎದುರುಬದುರು ಇಟ್ಟುಕೊಂಡು ಓದಿ. ಮುಂದಿನ ಭೇಟಿಯನ್ನು ಮೇ ತಿಂಗಳ ಬದಲು ಜನವರಿಗೆ ಬುಕ್ ಮಾಡಿ, ಮೂರು ತಿಂಗಳು ಇದ್ದು ನೋಡಿ. ಮೇನಲ್ಲಿ ಎಲ್ಲ ದೇಶವೂ ಚೆಂದ. ಮಂಜು ಬೀಳುವ ತಿಂಗಳಲ್ಲಿ, ಮಕ್ಕಳಿಗೆ ರಜೆ ಇಲ್ಲದಾಗ, ಮನೆಯೊಳಗೇ ಇದ್ದೂ ಇಬ್ಬರಿಗೂ ಹಿಡಿಸಿತು ಅಂದರೆ ಆಮೇಲೆ ಅರ್ಜಿಯ ಮಾತು.